ಜರ್ಮನ್ ಡಾಕ್ಟರಮ್ಮನಿಗೆ ಜಾಮೀನು

ಲೋಟೆ ಎಂಬ ಹೆಸರು ನ್ಯಾಮತಿ ಊರಿನವರ ನಾಲಿಗೆಗೆ ಹೊಂದಲಿಲ್ಲ. ಲತಮ್ಮ ಎಂದೇ ಕರೆದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಊರಿನಲ್ಲಿ ಔಷಧಿ ಕೊಡುತ್ತಿದ್ದ ಯಹೂದಿ ಡಾಕ್ಟರಮ್ಮ ಅವಳು. ಸೂಲಗಿತ್ತಿ ಸಾವಂತ್ರಮ್ಮ ಮೊದಮೊದಲು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು, ತನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದವಳೆಂದು. ಊರಿನ ಮೆಹರಾಜ್ ಬೇಗಂಳ ಹೆರಿಗೆ ಕಷ್ಟವಾದ ದಿನ ಇಬ್ಬರೂ ಒಂದೇ ಮಂಚದ ಅಕ್ಕಪಕ್ಕ ನಿಂತು ತಾಯಿ, ಮಗು ಇಬ್ಬರನ್ನೂ ಉಳಿಸಿಕೊಂಡರು. ಆಮೇಲೆ ದಿನಾ ಸಂಜೆ ಇಬ್ಬರಿಗೂ ಒಂದೇ ಒಲೆಯ ಬೆಲ್ಲದ ಕಾಫಿ.

ಲತಮ್ಮ ಹರಕುಮುರುಕು ಕನ್ನಡದಲ್ಲಿ ತನ್ನ ಕಥೆ ಹೇಳಿಕೊಂಡಿದ್ದಳು. ದೇಶಕ್ಕೆಲ್ಲ ಒಬ್ಬನೇ ಯಜಮಾನ ಎಂದು ಜನ ಕೈಚಾಚಿ ಕೂಗಿದ್ದು, ಯಹೂದಿ ವೈದ್ಯರು ಸರ್ಕಾರಿ ಆಸ್ಪತ್ರೆಯಲ್ಲಿರಬಾರದೆಂದು ಕಾನೂನು ಬಂದದ್ದು, ಹಿಟ್ಲರನ ಕಂದು ಅಂಗಿಯ ದಂಡಿನವರು ಅವಳ ಅಣ್ಣನನ್ನು ಬೀದಿಯಲ್ಲಿ ಎಳೆದೊಯ್ದದ್ದು. ಅಂದು ಅವಳು ಸಹಾಯಕ್ಕೆ ಓಡಿದಾಗ, ಅವಳೇ ಹೆರಿಗೆ ಮಾಡಿಸಿದ್ದ ಮನೆಗಳವರೂ ಬಾಗಿಲು ತೆಗೆಯಲಿಲ್ಲವಂತೆ.

೧೯೩೯ರಲ್ಲಿ ಬ್ರಿಟಿಷರಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ಜರ್ಮನಿಯವರೆಲ್ಲ ಶತ್ರುಗಳು, ಹಿಡಿದು ಕಾವಲಿನಲ್ಲಿಡಿ ಎಂದು ಹುಕುಂ ಬಂತು. ದೂರದ ಸೆರೆ ಶಿಬಿರಕ್ಕೆ ಕಳಿಸಲೆಂದು ಪೊಲೀಸರು ಲತಮ್ಮನನ್ನು ಹೊನ್ನಾಳಿಗೆ ಕರೆದೊಯ್ದರು. ಹಿಟ್ಲರನ ಗೂಢಚಾರಿಣಿಯೇ ಇರಬೇಕೆಂದು ಊರಲ್ಲಿ ಕೆಲವರು ಪಿಸುಗುಟ್ಟಿದರು. ಸಾವಂತ್ರಮ್ಮ ಮನೆಮನೆ ತಿರುಗಿದಳು.

"ಅಲ್ಲಿಯೋರು ಬಾಗಿಲು ತೆಗೀಲಿಲ್ವಂತೆ. ನಾವೂ ಹಾಕ್ಕೊಂಡು ಕುಂತ್ರೆ ಅವ್ರಿಗೂ ನಮಗೂ ಏನು ಫರಕು ಐತೆ?"

ಮಾರನೆಯ ಬೆಳಿಗ್ಗೆ ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು ಎತ್ತಿನ ಗಾಡಿಗಳಲ್ಲಿ ಹೊನ್ನಾಳಿಗೆ ಹೊರಟರು. ಮೆಹರಾಜ್ ಬೇಗಂ ಮುಂದಿನ ಗಾಡಿಯಲ್ಲೇ ಕೂತಿದ್ದಳು.

ತಾಲ್ಲೂಕು ಕಚೇರಿಯ ಅಂಗಳ ಕೂಸುಗಳ ಅಳುವಿನಿಂದ ತುಂಬಿದ್ದು ಕೇಳಿ ಅಮಲ್ದಾರರು ಹೊರಬಂದರು. ಪರದೇಶದವಳ ಮನಸ್ಸು ಬಲ್ಲವರಾರು, ನಾಳೆ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಕೇಳಿದರು. ಸಾವಂತ್ರಮ್ಮ ಜನ್ಮದಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು.

"ನಾನು ಹೊಣೆ, ಸ್ವಾಮಿ. ಹಿಟ್ಲರ ಓಡ್ಸಿದ್ದೇ ಈ ಯಮ್ಮನ್ನ. ನಾವೇ ಹಿಡಿದು ಕೂಡಿ ಹಾಕಿದ್ರೆ ಅವನ ಕೆಲಸ ನಾವು ಮಾಡಿಕೊಟ್ಟಂಗೆ ಆಗ್ತೈತೆ. ಕಳಿಸಲೇಬೇಕು ಅಂದ್ರೆ ನನ್ನೂ ಜತೀಗೆ ಕಳಿಸ್ರಿ."

ಹಿಂದಿನಿಂದ ಮೆಹರಾಜ್ ಬೇಗಂ, "ನನ್ನೂ ಕಳಿಸ್ರಿ," ಎಂದಳು. ಗಾದ್ರಮ್ಮ ಎಂಬ ಬಾಣಂತಿ ಬಂದು ಸಾವಂತ್ರಮ್ಮನ ಪಕ್ಕ ನಿಂತಳು. ಉಳಿದವರೂ ಒಬ್ಬೊಬ್ಬರಾಗಿ ಮೆಟ್ಟಿಲೇರಿದರು.

ಅಮಲ್ದಾರರು ಮೆಟ್ಟಿಲ ತುಂಬ ನಿಂತವರನ್ನು ನೋಡಿದರು. ಕೊನೆಗೆ, ಮೇಲಿನವರಿಗೆ ತಾವೇ ಬರೆಯುವುದಾಗಿಯೂ ಡಾಕ್ಟರಮ್ಮ ನ್ಯಾಮತಿ ಬಿಟ್ಟು ಕದಲಕೂಡದೆಂದೂ ಹೇಳಿ, ಜಾಮೀನು ಪತ್ರಕ್ಕೆ ಸಾವಂತ್ರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಲತಮ್ಮ ಹೊರಬಂದು ಆ ಗುಂಪನ್ನು ನೋಡಿದಳು. ಕನ್ನಡವೆಲ್ಲ ಮರೆತುಹೋಗಿ ತನ್ನ ಭಾಷೆಯಲ್ಲೇ ಏನೋ ಅಂದಳು. ಯಾರಿಗೂ ಅರ್ಥ ಕೇಳಬೇಕೆನಿಸಲಿಲ್ಲ.

ಯುದ್ಧ ಮುಗಿಯುವ ತನಕ ಆ ಜಾಮೀನು ನಡೆಯಿತು. ಪೊಲೀಸಿನವನು ವಿಚಾರಿಸಲು ಬಂದಾಗಲೆಲ್ಲ ಸಾವಂತ್ರಮ್ಮನೇ ಎದುರಾಗಿ ಉತ್ತರ ಕೊಡುತ್ತಿದ್ದಳು. ಸಂತೆಯಲ್ಲಿ ಯಾರೂ ಕೇಳದಿದ್ದರೂ, ಇಡೀ ಸರ್ಕಾರದ ಎದುರು ತಾನು ಜಾಮೀನು ನಿಂತವಳು ಎಂದು ತಲೆಯೆತ್ತಿ ಹೇಳಿಕೊಳ್ಳುತ್ತಿದ್ದಳು.