ಹದ್ದುಗಣ್ಣು ಹಾಕಿದ ಚಿತ್ರ

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ, ನಲವತ್ತೆರಡು ತುಂಬಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ದಿನವಿಡೀ ಮೇಣದಲ್ಲಿ ಹಲ್ಲು ಕೆತ್ತುವುದು, ಅದರ ಬಿಳುಪು ಪಕ್ಕದ ಹಲ್ಲಿಗೆ ಹೊಂದುತ್ತದೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವುದು, ಇದೇ ಅವಳ ಕೆಲಸ. ಹಾಗೆ ನೋಡಿ ನೋಡಿ ಪಳಗಿದ ಕಣ್ಣನ್ನು ರಜದ ದಿನಗಳಲ್ಲಿ ಕ್ಯಾಮೆರಾಗಳ ಮೇಲೆ ಹರಿಸುತ್ತಿದ್ದಳು.

ದುಬಾರಿ ಕ್ಯಾಮೆರಾಗಳ ಸುದ್ದಿಗೂ ಚರ್ಚೆಗೂ ಮೀಸಲಾದ ಒಂದು ಜಾಲತಾಣವಿತ್ತು. ಅಲ್ಲಿ ಅವಳ ಹೆಸರು ಹದ್ದುಗಣ್ಣು. ಹನ್ನೆರಡು ವರ್ಷದಿಂದ ಅವಳು ಅಲ್ಲಿ ಲೆನ್ಸುಗಳ ಗುಣದೋಷ ಬರೆಯುತ್ತಿದ್ದಳು. ಕಂಪನಿಯವರು ಏನೇ ಕೊಚ್ಚಿಕೊಳ್ಳಲಿ, ಹದ್ದುಗಣ್ಣು ಒಳ್ಳೆಯದು ಅಂದರೆ ಒಳ್ಳೆಯದು, ಮೂಲೆಯಲ್ಲಿ ಮಸುಕು ಅಂದರೆ ಮಸುಕು. ಮನೆಯಲ್ಲಿ ಅಕ್ಕನ ತಂಗಿ, ಲ್ಯಾಬಿನಲ್ಲಿ ಮೂಲೆ ಮೇಜಿನವಳು. ಆ ತಾಣದಲ್ಲಿ ಮಾತ್ರ ಅವಳ ಮಾತಿಗೆ ತೂಕವಿತ್ತು.

ಹಾಗಾಗಿ, ಎಲ್ಲರೂ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ನೂರು ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಪರಿಚಯದ ಅಂಗಡಿಯವನು ಒಂದು ವಾರದ ಮಟ್ಟಿಗೆ ನೋಡಲು ಕೊಟ್ಟಾಗ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ತಾರಸಿ ಹತ್ತಿ, ಮೂರು ಕಾಲಿನ ಸ್ಟ್ಯಾಂಡ್ ಊರಿ, ಎದುರಿನ ನಾಲ್ಕು ಮಹಡಿಯ ಕಟ್ಟಡ, ಕೆಳಗಿನ ಬೀದಿ, ನೀರಿನ ಟ್ಯಾಂಕುಗಳು ಎಲ್ಲ ಬರುವಂತೆ ಒಂದು ಚಿತ್ರ ತೆಗೆದಳು. ಒಂದು ಚೂರೂ ಕತ್ತರಿಸದೆ ತಾಣಕ್ಕೆ ಹಾಕಿದಳು. "ನೀವೇ ಹಿಗ್ಗಿಸಿ ನೋಡಿಕೊಳ್ಳಿ" ಎಂದು ಕೆಳಗೆ ಬರೆದಳು.

ಹಿಗ್ಗಿಸಿ ನೋಡಿದರು. ತಾಣದ ಹಿರಿಯ ಲೆನ್ಸಜ್ಜ, ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜಿ ನಿವೃತ್ತನಾದವನು, ಇಟ್ಟಿಗೆಯ ಸಂದುಗಳನ್ನು ಎಣಿಸಿ ಹೊಗಳಿದ. ತನ್ನ ಚಿತ್ರಗಳೆಲ್ಲ ಅಲುಗಾಡಿರುತ್ತವೆ ಎಂದು ತಾನೇ ಮಸುಕಪ್ಪ ಎಂದು ಹೆಸರಿಟ್ಟುಕೊಂಡಿದ್ದ ಇನ್ನೊಬ್ಬ ಬರೆದ: "ಮೂರನೇ ಮಹಡಿ ಬಾಲ್ಕನೀಲಿ ಒಬ್ಬರು ಅಜ್ಜಿ ಬಟ್ಟೆ ಎತ್ಕೊಳ್ತಿದ್ದಾರೆ ನೋಡಿ. ಎಡಹುಬ್ಬಿನ ಮೇಲಿನ ಮಚ್ಚೇಲಿ ಎರಡು ಕೂದಲಿದೆ. ಎರಡೇ, ಮೂರಲ್ಲ." ಎಲ್ಲರೂ ನಕ್ಕರು. ಯಾರೋ ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ ಬೇರೆ ಕಡೆ ಹಂಚಿದರು. ಆ ಮಚ್ಚೆ ಒಂದೇ ದಿನದಲ್ಲಿ ಎಲ್ಲೆಲ್ಲೋ ತಿರುಗಾಡಿ ಬಂತು.

ಸೋಮವಾರ ಊಟದ ಬಿಡುವಿನಲ್ಲಿ ಪುಟ್ಟಿ ಫೋನ್ ತೆಗೆದರೆ ಚಿತ್ರದ ಕೆಳಗೆ ಹೊಸ ಸದಸ್ಯನೊಬ್ಬನ ಬರಹವಿತ್ತು. ಹೆಸರು 'ಒಬ್ಬನೇ ಮಗ'. ಸೇರಿದ್ದು ಅವತ್ತೇ. "ಇವರು ನನ್ನ ತಾಯಿ. ಮರೆವಿನ ಕಾಯಿಲೆ ಇದೆ. ಹದಿನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ. ಇದು ಯಾವ ಊರು ಎಂದು ದಯವಿಟ್ಟು ಯಾರಾದರೂ ಹೇಳಿ."

ಓದಿ ಪುಟ್ಟಿಯ ಕಣ್ಣು ತೇವವಾಯಿತು. ಉತ್ತರ ಬರೆಯಲು ಬೆರಳಿಟ್ಟಳು. ಆದರೆ ಅಷ್ಟರಲ್ಲೇ ಅವಳನ್ನು ಕೇಳುವ ಗೋಜಿಗೂ ಹೋಗದೆ ತಾಣಕ್ಕೆ ತಾಣವೇ ಆ ಮಗನ ಬೆನ್ನಿಗೆ ನಿಂತಿತ್ತು. ಲೆನ್ಸಜ್ಜ ಟ್ಯಾಂಕಿನ ನೆರಳಳೆದು ದಿಕ್ಕು, ದೂರ ಲೆಕ್ಕ ಹಾಕಿದ್ದ. ಮತ್ತೊಬ್ಬ ಬೀದಿಯಲ್ಲಿ ನಿಂತಿದ್ದ ಗ್ಯಾಸ್ ವ್ಯಾನಿನ ಮೇಲಿನ ಫೋನ್ ನಂಬರು ಓದಿ ಊರಿನ ಹೆಸರನ್ನೇ ಹೇಳಿಬಿಟ್ಟಿದ್ದ. ಬೀದಿ ಯಾವುದೆಂಬುದೊಂದು ಬಾಕಿ. "ಹದ್ದುಗಣ್ಣು ಹೇಳಿದರೆ ಈಗಲೇ ತಾಯಿ ಮಗ ಒಂದಾಗ್ತಾರೆ" ಎಂದು ಮಸುಕಪ್ಪ ಬರೆದಿದ್ದ.

ಮೊದಲು ಆ ಅಜ್ಜಿಗೆ ಸುದ್ದಿ ಮುಟ್ಟಿಸೋಣ, ಖುಷಿಪಡಲಿ ಎಂದುಕೊಂಡು ಪುಟ್ಟಿ ಒಂದು ಗಂಟೆ ಮುಂಚೆಯೇ ಲ್ಯಾಬಿನಿಂದ ಹೊರಟಳು.

ಎದುರು ಕಟ್ಟಡದ ಮೂರನೆಯ ಮಹಡಿಗೆ ಬಾಡಿಗೆಗೆ ಬಂದವರನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಆ ಮನೆಯ ಪರದೆ ಸದಾ ಎಳೆದೇ ಇರುತ್ತಿತ್ತು. ಬಾಗಿಲು ತಟ್ಟಿದಳು. ಒಳಗೆ ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು. ಬಹಳ ಹೊತ್ತಿನ ಮೇಲೆ ಸರಪಳಿಯ ಅಳತೆಯಷ್ಟೇ ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಗೆ ಅಳತೆ ಟೇಪು.

"ಎದುರು ಮನೆಯವಳು. ನಿಮ್ಮ ಮನೇಲಿ ಒಬ್ಬರು ದೊಡ್ಡವರಿದ್ದಾರಲ್ಲ, ಅವರ ಮಗ ಅವರನ್ನ ಹುಡುಕ್ತಾ ಇದ್ದಾರಂತೆ" ಎಂದಳು ಪುಟ್ಟಿ, ನಗುತ್ತಾ.

ಆ ಹೆಂಗಸಿನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಬಾಗಿಲು ಮುಚ್ಚಲು ಹೋದಳು. ಒಳಗಿಂದ ಒಂದು ದನಿ ಬಂತು: "ಒಳಗೆ ಕರಿ. ಬಂದಾಯ್ತಲ್ಲ, ಕೇಳೋಣ."

ಅಜ್ಜಿ ಮಂಚದ ತುದಿಯಲ್ಲಿ ಕೂತಿದ್ದಳು. ಎಡಹುಬ್ಬಿನ ಮೇಲೆ ಅದೇ ಮಚ್ಚೆ. ಮರೆವಿನ ಲಕ್ಷಣ ಎಳ್ಳಷ್ಟೂ ಇರಲಿಲ್ಲ. ಪುಟ್ಟಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಮಾತಾಡಲು ಬಾಯಿ ತೆರೆದಾಗ ಪುಟ್ಟಿಯ ಕಣ್ಣು ಅಭ್ಯಾಸಬಲದಿಂದ ಅವಳ ಹಲ್ಲಿನ ಮೇಲೆ ಬಿತ್ತು. ಮುಂದಿನ ಎರಡು ಕಟ್ಟಿಸಿದ ಹಲ್ಲು. ಅವಸರದ ಕೆಲಸ, ಬಣ್ಣವೂ ಹೊಂದಿರಲಿಲ್ಲ.

ಅಜ್ಜಿಗೆ ಅದು ಗೊತ್ತಾಯಿತು. "ಬಚ್ಚಲಲ್ಲಿ ಜಾರಿಬಿದ್ದೆ ಅಂತ ಡಾಕ್ಟರ ಹತ್ತಿರ ಹೇಳಿದ್ದೆ" ಎಂದಳು. "ಬಿದ್ದಿರಲಿಲ್ಲ."

ಹೆಂಗಸು ಅಜ್ಜಿಯ ಮಗಳೆಂದು ಪುಟ್ಟಿ ಅಂದುಕೊಂಡಿದ್ದಳು. ಅಲ್ಲ, ಸೊಸೆ. ಗಂಡನ ಏಟು ತಿಂದು ತಿಂದು ಒಂದು ದಿನ ಅವಳು ಏಳಲಾರದೆ ಬಿದ್ದಿದ್ದಾಗ ಅತ್ತೆಯೇ ಬಟ್ಟೆಬರೆ ಗಂಟು ಕಟ್ಟಿ, ಏಳಮ್ಮ, ನಾವಿಬ್ಬರೂ ಹೋಗೋಣ ಎಂದು ಕೈಹಿಡಿದು ಕರೆತಂದಿದ್ದಳು.

"ಪೊಲೀಸಿಗೆ ಹೇಳಬಹುದಲ್ವಾ?" ಎಂದಳು ಪುಟ್ಟಿ.

"ಅಮ್ಮ ಕಾಣೆಯಾಗಿದ್ದಾಳೆ, ತಲೆ ಸರಿಯಿಲ್ಲ ಅಂತ ನಮ್ಮನೆಯವರೇ ಮೊದಲು ದೂರು ಕೊಡ್ತಾರೆ" ಎಂದಳು ಸೊಸೆ. "ಎರಡು ಸಲ ಸಿಕ್ಕಿಬಿದ್ವಿ. ಎರಡು ಸಲಾನೂ ಪೊಲೀಸಿನವರೇ ಮನೆ ತನಕ ಬಿಟ್ಟು, ಕೈ ಕುಲುಕಿ ಹೋದರು. ನಮ್ಮನೆಯವರು ಅಷ್ಟು ಚೆನ್ನಾಗಿ ಮಾತಾಡ್ತಾರೆ. ಎರಡನೇ ಸಲ ಹೇಳಿದ್ದಾರೆ, ಇನ್ನೊಂದು ಸಲ ಹೋದರೆ ವಾಪಸ್ ಕರ್ಕೊಂಡು ಬರೋ ತೊಂದರೆ ತಗೊಳ್ಳಲ್ಲ ಅಂತ."

ಆ ಮಾತಿನ ಅರ್ಥ ತಿಳಿಯಲು ಪುಟ್ಟಿಗೆ ಒಂದು ಕ್ಷಣ ಬೇಕಾಯಿತು.

"ನಾನು ಹೊರಗೆ ಬಂದಿದ್ದೇ ತಪ್ಪು" ಎಂದಳು ಅಜ್ಜಿ. "ಗಾಳಿ ಜೋರಿತ್ತು. ಬಟ್ಟೆ ಹಾರಿಹೋಗುತ್ತೆ ಅಂತ ಬಂದೆ. ಎರಡು ನಿಮಿಷ."

"ನಾಳೆ ಬೆಳಿಗ್ಗೆ ಹೊರಡ್ತೀವಿ" ಎಂದು ಸೊಸೆ ಆಗಲೇ ಯಂತ್ರದ ಮೇಲಿನ ಬಟ್ಟೆ ಮಡಚತೊಡಗಿದ್ದಳು. ಪುಟ್ಟಿಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದವಳೇ ಪುಟ್ಟಿ ಚಿತ್ರ ಅಳಿಸಿದಳು. ಪ್ರಯೋಜನವಾಗಲಿಲ್ಲ; ಹತ್ತಾರು ಜನ ಇಳಿಸಿಟ್ಟುಕೊಂಡಿದ್ದರು. ಅಳಿಸಿದ್ದನ್ನು ನೋಡಿ 'ಒಬ್ಬನೇ ಮಗ' ಬರೆದ: "ಹದ್ದುಗಣ್ಣು ಅವರಿಗೆ ಏನೋ ಗೊತ್ತಿದೆ. ಪರವಾಗಿಲ್ಲ. ನಾನೇ ಹೊರಟಿದ್ದೇನೆ." ಕೆಳಗೆ ಮೂವತ್ತು ಜನ ಶುಭ ಹಾರೈಸಿದ್ದರು.

ಅಕ್ಕ ಅಂಚೆ ಕಚೇರಿಯಿಂದ ಬಂದಾಗ ತಂಗಿ ಕತ್ತಲಾಗುತ್ತಿದ್ದರೂ ದೀಪ ಹಾಕದೆ ಕೂತಿದ್ದಳು. ಕಾಗದಪತ್ರ ವಿಂಗಡಿಸಿ ವಿಂಗಡಿಸಿ ಅಕ್ಕನಿಗೆ ಯಾವುದನ್ನೂ ತಟ್ಟನೆ ಅದರದರ ಗೂಡಿಗೆ ಹಾಕುವ ಅಭ್ಯಾಸ. ಎಲ್ಲವನ್ನೂ ಕೇಳಿ, "ಅಳೋದನ್ನ ಆಮೇಲೆ ಮುಗಿಸು" ಎಂದಳು. "ಅವನಿಗೆ ಊರು ಗೊತ್ತು. ಬಂದೇ ಬರ್ತಾನೆ. ಅದು ಅವರಮ್ಮ ಅಲ್ಲ ಅಂತ ಅವನಿಗೆ ಅನ್ನಿಸಬೇಕು. ಹೇಗೆ?"

"ಚಿತ್ರ ಹಳೇದಾಗಿದ್ದರೆ" ಎಂದಳು ಪುಟ್ಟಿ ನಿಧಾನವಾಗಿ. "ಆರು ವರ್ಷ ಹಳೇದು ಅಂದರೆ. ಆಗ ಅವರಮ್ಮ ಅವನ ಜೊತೇಲೇ ಇದ್ದರು."

"ಹಾಗೇ ಬರಿ."

"ಅಕ್ಕ, ಈ ಕ್ಯಾಮೆರಾ ಬಂದಿರೋದೇ ಈ ತಿಂಗಳು. ಹಳೇ ಚಿತ್ರ ಅಂದರೆ ನಾನು ಎಲ್ಲರಿಗೂ ಮೋಸ ಮಾಡಿದೆ ಅಂತ ಒಪ್ಪಿಕೊಂಡ ಹಾಗೆ. ಇನ್ಮೇಲೆ ಅಲ್ಲಿ ಯಾರೂ ನನ್ನ ಮಾತನ್ನ ಮೂಸಿಯೂ ನೋಡಲ್ಲ."

ಅಕ್ಕ ದೀಪ ಹಾಕಿ, ಲ್ಯಾಪ್‌ಟಾಪನ್ನು ತಂಗಿಯ ಮುಂದೆ ತಳ್ಳಿದಳು.

ಪುಟ್ಟಿ ಬರೆದಳು. ಹೊಸ ಕ್ಯಾಮೆರಾ ತನಗೆ ಸಿಕ್ಕೇ ಇಲ್ಲ. ಆರು ವರ್ಷದ ಹಿಂದೆ ಹಳೇ ಕ್ಯಾಮೆರಾದಲ್ಲಿ ತುಂಡುತುಂಡಾಗಿ ತೆಗೆದು ಜೋಡಿಸಿದ ಚಿತ್ರವದು. ಹೊಗಳಿಕೆಯ ಆಸೆಗೆ ತಾರೀಕು ತಿದ್ದಿದೆ. ಈ ಸುಳ್ಳನ್ನು ಕಂಡುಹಿಡಿಯಬಲ್ಲವನು ಒಬ್ಬನೇ ಇದ್ದ. ಆ ಲೆನ್ಸಜ್ಜನಿಗೆ ಬೇರೆಯಾಗಿ ನಿಜವನ್ನೆಲ್ಲ ತಿಳಿಸಿ, ಕೊನೆಗೆ "ಅಜ್ಜ, ಎರಡು ಜೀವ ನಿಮ್ಮ ಕೈಲಿದೆ" ಎಂದು ಸೇರಿಸಿದಳು.

ಉತ್ತರವಿಲ್ಲ. ಅಜ್ಜ ನಂಬದಿದ್ದರೆ? ಮುಗ್ಧವಾಗಿ ಅದನ್ನೇ ಎಲ್ಲರೆದುರು ಹಾಕಿಬಿಟ್ಟರೆ? ಹಾಸಿಗೆಯಲ್ಲಿ ಹೊರಳಾಡಿ ಬೆಳಿಗ್ಗೆ ಎದ್ದು ನೋಡಿದರೆ ತಾಣದಲ್ಲಿ ಅವಳಿಗೆ ಛೀಮಾರಿಯ ಸುರಿಮಳೆ. ಮಸುಕಪ್ಪ ಕೂಡ ಬರೆದಿದ್ದ, "ನಿಮ್ಮನ್ನ ನಂಬಿ ಮೂರು ಲೆನ್ಸ್ ತಗೊಂಡಿದ್ದೆ." ಎಲ್ಲಕ್ಕಿಂತ ಕೆಳಗೆ ಅಜ್ಜನ ನಾಲ್ಕು ಸಾಲು: "ಪರೀಕ್ಷಿಸಿದೆ. ಜೋಡಣೆಯ ಗುರುತುಗಳು ಸ್ಪಷ್ಟ. ಚಿತ್ರ ಹಳೆಯದೇ. ನೆರಳಿನ ನನ್ನ ಲೆಕ್ಕವೂ ತಪ್ಪಾಗಿತ್ತು, ವಯಸ್ಸಾಯಿತು, ಕ್ಷಮಿಸಿ." ಐವತ್ತು ವರ್ಷ ಗಾಜಿನೊಂದಿಗೆ ಬದುಕಿದವನು ತನ್ನ ಲೆಕ್ಕ ತಪ್ಪೆಂದು ಎಂದೂ ಒಪ್ಪಿದವನಲ್ಲ.

ಅವತ್ತೇ ಮಧ್ಯಾಹ್ನಕ್ಕೆ ಮೊದಲು ತಾಣದ ಮೇಲ್ವಿಚಾರಕ ಹದ್ದುಗಣ್ಣನ್ನು ಹೊರಹಾಕಿದ. ಅತ್ತೆ ಸೊಸೆ ಅಷ್ಟರಲ್ಲಿ ಹೊರಟಾಗಿತ್ತು. ಅಕ್ಕ ತನಗೆ ಗುರುತಿದ್ದ ಅಂಚೆ ವ್ಯಾನಿನ ಡ್ರೈವರನ ಪಕ್ಕದಲ್ಲಿ ಅವರನ್ನು ಕೂರಿಸಿ ಕಳಿಸಿದ್ದಳು. ಎಲ್ಲಿಗೆ ಎಂದು ಅಕ್ಕನೂ ಕೇಳಲಿಲ್ಲ.

ಗುರುವಾರ ಪುಟ್ಟಿ ಜ್ವರ ಬಂದಂತಾಗಿ ರಜ ಹಾಕಿದ್ದಳು. ಅಕ್ಕನೂ ಮನೆಯಲ್ಲಿದ್ದಳು. ಹನ್ನೊಂದು ಗಂಟೆಗೆ ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯ ನಡುವೆ ಒಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಕೈಯಲ್ಲಿ ದೊಡ್ಡದಾಗಿ ಮುದ್ರಿಸಿದ ಕಾಗದ. ಅದನ್ನೊಮ್ಮೆ, ಕಟ್ಟಡವನ್ನೊಮ್ಮೆ ನೋಡುತ್ತಾ ಹಿಂದೆ ಹಿಂದೆ ಸರಿದು ಬರುತ್ತಿದ್ದ. ಸರಿಯುತ್ತಾ ಇವರ ಮನೆಯ ಗೋಡೆಗೆ ಬೆನ್ನು ತಾಗಿಸಿ ನಿಂತ. ಆಮೇಲೆ ತಿರುಗಿ ತಲೆಯೆತ್ತಿ ತಾರಸಿ ನೋಡಿದ.

"ಅಕ್ಕ" ಎಂದಳು ಪುಟ್ಟಿ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಕ್ಯಾಮೆರಾ ಆಗಲೇ ಅಂಗಡಿಗೆ ವಾಪಸಾಗಿತ್ತು, ಆದರೆ ಸ್ಟ್ಯಾಂಡ್ ಹಜಾರದ ನಡುವೆಯೇ ಮೂರು ಕಾಲು ಚಾಚಿ ನಿಂತಿತ್ತು. ಅಕ್ಕ ಬಚ್ಚಲಿನಿಂದ ಒದ್ದೆ ಟವೆಲ್ ತಂದು ಅದರ ಮೇಲೆ ಹರವಿದಳು. ಕರೆಗಂಟೆ ಬಾರಿಸಿತು.

"ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ" ಎಂದ ಅವನು. ಮೃದುವಾದ ದನಿ. ಕಣ್ಣು ಥೇಟ್ ಅಜ್ಜಿಯದೇ. "ನಮ್ಮ ತಾಯೀನ ಹುಡುಕ್ತಾ ಇದ್ದೀನಿ. ಎದುರಿನ ಮೂರನೇ ಮಹಡಿ ಖಾಲಿ ಇದೆ. ಅಲ್ಲಿ ಯಾರಿದ್ದರು?"

"ಈಗಲೋ, ಮುಂಚೆಯೋ?" ಎಂದಳು ಅಕ್ಕ, ಬೇಸರ ಬಂದವಳ ಹಾಗೆ. "ಈಗ ಯಾರೋ ಹೊಲಿಗೆಯವರಿದ್ದರು, ಬಿಟ್ಟುಹೋದರು. ಅದಕ್ಕೆ ಮುಂಚೆ ಬಹಳ ವರ್ಷ ಒಬ್ಬ ಮುದುಕಿ ಇದ್ದಳು. ಒಂಟಿ. ತೀರಿಕೊಂಡಳು ಪಾಪ."

ಅವನು ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ. ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕಣ್ಣು ಅದರ ಮೇಲೆ ಹೋಯಿತು, ಪುಟ್ಟಿಯ ಮೇಲೆ ಬಂತು, ಅಲ್ಲೇ ನಿಂತಿತು. "ಆ ಮುದುಕಿಗೆ ಮಚ್ಚೆ ಇತ್ತಾ?" ಎಂದು ಪುಟ್ಟಿಯನ್ನೇ ಕೇಳಿದ.

ಇಲ್ಲ ಅನ್ನಬೇಕೆಂದು ಅವಳ ಪ್ರಾಣವೆಲ್ಲ ಬಾಯಿಗೆ ಬಂತು. ಇಲ್ಲ ಅಂದರೆ ಚಿತ್ರದಲ್ಲಿರುವುದು ಯಾರು? "ಇತ್ತು" ಎಂದಳು. "ಎಡಹುಬ್ಬಿನ ಮೇಲೆ. ದೊಡ್ಡದು."

ಅವನು ಕೈಯಲ್ಲಿದ್ದ ಚಿತ್ರವನ್ನು ಮಡಚಿದ. ಇನ್ನೊಮ್ಮೆ ಮಡಚಿದ. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ, ಅಂಗೈಯಷ್ಟಾಗುವ ತನಕ ಮಡಚುತ್ತಲೇ ಹೋದ. "ನಮ್ಮಮ್ಮನಿಗೂ ಅಲ್ಲೇ ಇದೆ" ಎಂದು ನಕ್ಕ. "ಸಿಕ್ಕಿದ್ದರೆ ಚೆನ್ನಾಗಿತ್ತು. ನಮ್ಮನೆಯವಳೂ ಅವರ ಜೊತೇಲಿದ್ದಾಳೆ. ಇಬ್ಬರ ಹತ್ತಿರಾನೂ ಮಾತಾಡೋದು ತುಂಬ ಇದೆ."

ಹೋದ. ಅಕ್ಕ ಬಾಗಿಲಿಗೆ ಎರಡೂ ಚಿಲಕ ಹಾಕಿದ ಮೇಲೆ ಪುಟ್ಟಿ ನೆಲದ ಮೇಲೆ ಕೂತಳು. ಅವನು ಸಂಜೆಯವರೆಗೂ ಬೀದಿ ತುದಿಯಲ್ಲಿ ಕಾದಿದ್ದ. ಆಮೇಲೆ ಕಾಣಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಅಂಚೆ ಕಚೇರಿಯ ಫೋನಿಗೆ ಸೊಸೆ ಕರೆ ಮಾಡಿದಳು. ಇಬ್ಬರೂ ಕ್ಷೇಮ, ಅತ್ತೆಗೆ ಸ್ವಲ್ಪ ಕೆಮ್ಮು, ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿದಳಂತೆ. ಅಕ್ಕ ಅದನ್ನು ಊಟ ಬಡಿಸುತ್ತಾ ಹೇಳಿದಳು. ಪುಟ್ಟಿ ತಟ್ಟೆಯ ಮುಂದೆ ಕೂತು ಅತ್ತಳು. ಅಕ್ಕ ಅವಳನ್ನು ಅಳಲು ಬಿಟ್ಟಳು.

ಕ್ಯಾಮೆರಾದ ಸುದ್ದಿಯನ್ನು ಅವಳು ಈಗಲೂ ಓದುತ್ತಾಳೆ, ಹೊರಗಿನವಳಾಗಿ. ಅಲ್ಲಿ ಯಾರಾದರೂ ಸುಳ್ಳು ಚಿತ್ರ ಹಾಕಿದರೆ 'ಹದ್ದುಗಣ್ಣಿನ ಹಾಗೆ' ಎನ್ನುವುದು ವಾಡಿಕೆಯಾಗಿದೆ. ಅದಕ್ಕೆ ಅವಳಿಗೆ ಅಷ್ಟೇನೂ ನೋವಿಲ್ಲ. ಆದರೆ ಬಹಳ ತಿಂಗಳುಗಳವರೆಗೆ ಕರೆಗಂಟೆ ಬಾರಿಸಿದಾಗಲೆಲ್ಲ ಅಕ್ಕನೇ ಎದ್ದು ಹೋಗಿ ಬಾಗಿಲು ತೆಗೆಯಬೇಕಾಗುತ್ತಿತ್ತು.