ಕಾದಂಬರಿ ಹೊತ್ತ ಹೆಗಲಚೀಲ

ನಾನು ಒಂದು ಹೆಗಲಚೀಲ. ಹುಟ್ಟಿದ್ದು ತುಮಕೂರಿನಲ್ಲಿ, ಸರ್ವಮಂಗಳಮ್ಮನವರ ಹೊಲಿಗೆ ಯಂತ್ರದ ಮೇಲೆ. ಹಳೆಯ ಜಮಖಾನದ ಗಟ್ಟಿ ಭಾಗವನ್ನಷ್ಟೇ ಕತ್ತರಿಸಿ, ಎರಡೆರಡು ಹೊಲಿಗೆ ಹಾಕಿ, ಆಕೆ ನನ್ನನ್ನು ಗಂಡನ ಹೆಗಲಿಗೆ ತೂಗುಹಾಕಿದರು. ಗಂಡ ಷಡಕ್ಷರಿಯವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಗಲೆಲ್ಲ ದನಗಳಿಗೆ ಔಷಧ ಕುಡಿಸುವುದು, ಸಂಜೆ ಕೈ ತೊಳೆದುಕೊಂಡು ಪ್ರೇಮಕಾದಂಬರಿ ಬರೆಯುವುದು. ಟಿಂಚರಿನ ವಾಸನೆಯೂ ಶಾಯಿಯ ವಾಸನೆಯೂ ನನ್ನಲ್ಲಿ ಒಟ್ಟಿಗೇ ನೆಲೆಸಿದವು.

ಮೊದಲ ಹಸ್ತಪ್ರತಿಯನ್ನು ನಾನೇ ಬೆಂಗಳೂರಿಗೆ ಹೊತ್ತೊಯ್ದೆ. ಪ್ರಕಾಶಕರು ಓದಿ ಮೆಚ್ಚಿದರು. ಆದರೆ ಗಂಡಸಿನ ಹೆಸರಿದ್ದರೆ ಹೆಂಗಸರು ಇಂಥ ಪುಸ್ತಕ ಮುಟ್ಟುವುದಿಲ್ಲ, ಬೇರೆ ಹೆಸರು ಕೊಡಿ ಎಂದರು. ಷಡಕ್ಷರಿಯವರು ನನ್ನ ಪಟ್ಟಿಯನ್ನು ತಿರುಚಿದರು, ಬಿಚ್ಚಿದರು, ಮತ್ತೆ ತಿರುಚಿದರು. ಆಮೇಲೆ ಹೆಂಡತಿಯ ಹೆಸರು ಬರೆದುಕೊಟ್ಟರು.

ಪುಸ್ತಕಗಳು ಬಂದ ಮೇಲೆ ನಮಗೆ ಭಾನುವಾರದ ಬಿಡುವಿರಲಿಲ್ಲ. ಗುಬ್ಬಿ, ತಿಪಟೂರು, ಶಿರಾ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆವು. ಪುಸ್ತಕ ಬಾಡಿಗೆಗೆ ಕೊಡುವ ಪ್ರತಿ ಅಂಗಡಿಯಲ್ಲೂ ಷಡಕ್ಷರಿಯವರು, ಇದು ನಮ್ಮ ಮನೆಯವರು ಬರೆದದ್ದು, ಇಟ್ಟು ನೋಡಿ ಎನ್ನುತ್ತಿದ್ದರು. ಕಥೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನೆಲ ನೋಡುತ್ತ ನಕ್ಕು, ಅವರಿಗೆ ತಿಳಿಸುತ್ತೇನೆ ಎನ್ನುತ್ತಿದ್ದರು. ಇತ್ತ ಸರ್ವಮಂಗಳಮ್ಮನವರ ಪಾಡು ಬೇರೆ. ಮದುವೆಮನೆಗಳಲ್ಲಿ ಮುಂದಿನ ಕಥೆ ಯಾವುದೆಂದು ಕೇಳುವವರಿಂದ ಆಕೆ ತಪ್ಪಿಸಿಕೊಂಡು ಓಡಾಡುತ್ತಿದ್ದರು.

ಒಂದು ಬೆಳಿಗ್ಗೆ ಶಿರಾದಿಂದ ಜಯಶೀಲಾ ಎಂಬ ನರ್ಸ್ ಮನೆಗೆ ಬಂದಳು. ಅವಳಿಗೆ ಒಂದು ಸಂಬಂಧ ಕೂಡಿಬಂದಿತ್ತಂತೆ, ಒಪ್ಪಲು ಭಯವಂತೆ. ಅವಳು ನೇರವಾಗಿ ಸರ್ವಮಂಗಳಮ್ಮನವರನ್ನೇ ಕೇಳಿದಳು:

"ನಿಮ್ಮ ಕಥೇಲಿ ಕೈ ಮುರಿದ ಹೆಂಡ್ತಿಗೆ ಗಂಡ ದಿನಾ ತಲೆ ಬಾಚಿ ಜಡೆ ಹಾಕ್ತಾನಲ್ಲ ಅಕ್ಕ, ಅಂಥವ್ರು ನಿಜವಾಗ್ಲೂ ಇರ್ತಾರಾ? ಇಲ್ಲ, ಹೆಂಗಸಾಗಿ ನೀವು ಆಸೆಪಟ್ಟು ಬರ್ದಿದ್ದಾ?"

ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದ ನನಗೆ ಷಡಕ್ಷರಿಯವರ ಮುಖ ಕಾಣುತ್ತಿತ್ತು. ಅದು ಬಿಳಿಚಿಕೊಂಡಿತ್ತು. ಸರ್ವಮಂಗಳಮ್ಮ ಹೌದೆಂದು ತಲೆಯಾಡಿಸಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತಿತ್ತು.

"ಬರ್ದಿದ್ದು ನಾನಲ್ಲಮ್ಮ, ಇವ್ರು," ಎಂದರು ಆಕೆ. "ಕೈ ಮುರಿದಿದ್ದು ಮಾತ್ರ ನಂದು. ಜಡೆ ಸೊಟ್ಟಗೆ ಹಾಕ್ತಿದ್ರು. ಅದನ್ನ ಮಾತ್ರ ಬರ್ದಿಲ್ಲ."

ಜಯಶೀಲಾ ಕೈಯಲ್ಲಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ಕಾಫಿ ಆರಿಹೋಯಿತು. ಹೊರಡುವಾಗ ಬಾಗಿಲ ಬಳಿ ನಿಂತು, "ನಮಗೆ ಮೋಸ ಮಾಡಿದ್ರಿ ಸಾರ್," ಎಂದಳು. ಮತ್ತೆ ತಿರುಗಿ, "ಮುಂದಿನದಕ್ಕೆ ನಿಮ್ಮ ಹೆಸರೇ ಹಾಕಿ. ಗಂಡಸೊಬ್ಬರು ಹಿಂಗೂ ಯೋಚ್ನೆ ಮಾಡ್ತಾರೆ ಅಂತ ಗೊತ್ತಾಗ್ಲಿ," ಎಂದಳು. ಎರಡು ತಿಂಗಳಿಗೆ ಅವಳ ಲಗ್ನಪತ್ರಿಕೆ ಬಂತು.

ಮುಂದಿನ ಕಾದಂಬರಿ ಷಡಕ್ಷರಿಯವರ ಹೆಸರಿನಲ್ಲೇ ಹೊರಬಂತು. ಅಂಗಡಿಗಳಿಗೆ ಕೊಟ್ಟ ಪ್ರತಿಗಳಲ್ಲಿ ಅರ್ಧಕ್ಕರ್ಧ ಹಿಂದಕ್ಕೆ ಬಂದವು. ಗುಬ್ಬಿಯ ಅಂಗಡಿಯವರಂತೂ, ದನದ ಆಸ್ಪತ್ರೆಯವರಿಗೆ ಇದೆಲ್ಲ ಯಾಕೆ ಎಂದು ನಕ್ಕರು. ಷಡಕ್ಷರಿಯವರು ಆ ದಿನ ಬಸ್ಸಿನಲ್ಲಿ ನನ್ನನ್ನು ಎದೆಗವಚಿಕೊಂಡು ಕೂತಿದ್ದರು. ಮುಂದಿನ ಭಾನುವಾರ ಸರ್ವಮಂಗಳಮ್ಮ ಒಳ್ಳೆಯ ಸೀರೆಯುಟ್ಟು ತಾವೂ ಹೊರಟರು. ಬರೆದವರು ಇವರೇ, ಹದಿನೈದು ದಿನ ಇಡಿ, ಯಾರೂ ಒಯ್ಯದಿದ್ದರೆ ನಾನೇ ಬಂದು ತಗೊಂಡು ಹೋಗುತ್ತೇನೆ ಎಂದರು. ಕೆಲವು ಸಲ ಹಾಗೆ ಹೋಗಿ ತರಬೇಕಾಯಿತು ಕೂಡ. ಆದರೂ ಒಂದೊಂದಾಗಿ ಓದುಗರ ಕಾಗದಗಳು ಬರತೊಡಗಿದವು, ಈ ಬಾರಿ ಷಡಕ್ಷರಿಯವರ ಹೆಸರಿಗೆ.

ಈಗ ಆ ಅಂಗಡಿಗಳಿಲ್ಲ. ನನ್ನ ಪಟ್ಟಿ ಹರಿದು, ಬೀರುವಿನ ಕೆಳಗಿನ ಅರೆಯಲ್ಲಿದ್ದೇನೆ. ನನ್ನೊಳಗೆ ಅವರ ಕೊನೆಯ ಕಾದಂಬರಿಯ ಹಾಳೆಗಳಿವೆ. ನಾಯಕ, ನಾಯಕಿ ಇಬ್ಬರಿಗೂ ಎಪ್ಪತ್ತು ದಾಟಿದೆ. ಅಚ್ಚು ಹಾಕುತ್ತೇವೆ ಎಂದವರು ಯಾರೂ ಇಲ್ಲ. ಸರ್ವಮಂಗಳಮ್ಮನವರಿಗೆ ಕಣ್ಣು ಮಂಜಾಗಿದೆ. ಹಾಗಾಗಿ ಸಂಜೆ ಷಡಕ್ಷರಿಯವರು ಹಾಳೆಗಳನ್ನು ತೆಗೆದು ಅವರಿಗೆ ಓದಿ ಹೇಳುತ್ತಾರೆ.

ನಿನ್ನೆ ಆಕೆ ನಡುವೆಯೇ ತಡೆದರು. "ಅವಳು ಇಷ್ಟು ಬೇಗ ಕ್ಷಮಿಸ್ಬಾರ್ದು ರೀ. ಇನ್ನೆರಡು ದಿನ ಮುನಿಸ್ಕೊಂಡಿರ್ಲಿ."

"ಎರಡು ದಿನ ಜಾಸ್ತಿ ಆಗಲ್ವಾ?"

"ಆಗಲ್ಲ."

ಅವರು ಇಡೀ ಪುಟವನ್ನು ಹೊಡೆದುಹಾಕಿ ಮತ್ತೆ ಬರೆಯಲು ಕೂತರು. ನನ್ನೊಳಗೆ ಎಷ್ಟೋ ಪ್ರೇಮಕಥೆಗಳು ಬಂದು ಹೋಗಿವೆ. ಎಲ್ಲವನ್ನೂ ಯಾರಿಗಾದರೂ ತಲುಪಿಸುವ ಅವಸರವಿತ್ತು. ಈ ಕಥೆಗೆ ಕೇಳುವವರು ಒಬ್ಬರೇ, ಅದೂ ಎದುರಿಗೇ ಕೂತಿದ್ದಾರೆ. ಅವರಿಗೂ ಅವಸರವಿಲ್ಲ, ನನಗೂ ಇಲ್ಲ.