ಹಾರನ್ ಒತ್ತದ ಭೀಮರಾಜ್

ಭೀಮರಾಜ್ ಮೂವತ್ತೊಂದು ವರ್ಷ ಹಾರನ್ ಮುಟ್ಟದೆ ಗಾಡಿ ಓಡಿಸಿದವರು. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. ಅವರ ತಪ್ಪೇನಿಲ್ಲ. ನಮ್ಮ ಅರಸೀಕೆರೆಯ ಬಸ್ ನಿಲ್ದಾಣದ ಎದುರು ಕಾಲು ಗಂಟೆ ನಿಂತವರಿಗೆ ಹಾರನ್ನಿಲ್ಲದೆ ಚಕ್ರವೇ ಉರುಳದೇನೋ ಎಂಬ ಭ್ರಮೆ ಹುಟ್ಟುವುದು ಸಹಜ. ನಾನೂ ನಂಬಿರಲಿಲ್ಲ. ಸಂತೆಯ ದಿನ ಜಾವಗಲ್ಲಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕುಳಿತು, ಕುರಿ ಕೋಳಿ ತೆಂಗಿನಕಾಯಿ ಮೂಟೆಗಳ ನಡುವೆ, ದಾರಿಯ ಮಧ್ಯದಲ್ಲೇ ನಿಂತು ನ್ಯಾಯ ಬಗೆಹರಿಸುವ ಗಂಡಸರ ನಡುವೆ, ಆ ದೊಡ್ಡ ಗಾಡಿ ಒಂದು ಸಲವೂ ಕೂಗದೆ ದಾಟಿಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಬಾಯಿ ಮುಚ್ಚಿದೆ.

ಅವರು ಓಡಿಸುತ್ತಿದ್ದದ್ದು ಕ್ಯಾರವಾನ್. ಹೊರಗೆ ಮಿನಿಬಸ್ಸಿನ ಮೈ, ಒಳಗೆ ಎರಡು ಮಂಚ, ಒಂದು ಒಲೆ, ಮೂಲೆಯಲ್ಲೊಂದು ಬಚ್ಚಲು; ಊರವರ ಬಾಯಲ್ಲಿ ‘ಮನೆಗಾಡಿ’. ಮಾಲೀಕರು ಅರಸೀಕೆರೆಯ ರಾಜಶೇಖರ್. ರೈಲಿಳಿದ ಪ್ರವಾಸಿಗಳನ್ನು ಹತ್ತಿಸಿಕೊಂಡು ಹಳೇಬೀಡು, ಹುಲಿಕೆರೆಯ ಕೊಳ, ಬೇಲೂರು ತೋರಿಸಿ ಮೂರನೆಯ ದಿನ ಮತ್ತೆ ರೈಲಿಗೆ ಬಿಡುವುದು ಭೀಮರಾಜ್ ಅವರ ಕೆಲಸ. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ನಾನು, ಕೇಳುವವರು ಸಿಕ್ಕರೆ ಸಾಕೆಂಬ ಚಪಲಕ್ಕೆ, ಆಗಾಗ ಅವರ ಜೊತೆ ಹೊರಡುತ್ತಿದ್ದೆ.

ಐವತ್ತೈದರ ಸಣಕಲು ಮೈ. ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚದ ಕಂದು ಉಣ್ಣೆಯ ಕೋಟು. ಅದರ ಬಲತೋಳು ಮಾತ್ರ ಕಿಟಕಿಯ ಬಿಸಿಲಿಗೆ ಬಣ್ಣಗೆಟ್ಟು, ಬೇರೆ ಯಾರದೋ ಕೋಟಿನಿಂದ ಎರವಲು ತಂದಂತೆ ಕಾಣುತ್ತಿತ್ತು. ತೊಟ್ಟಿಲಲ್ಲಿ ಮಗು ಮಲಗಿರುವ ಮನೆಯಲ್ಲಿ ಹೆಂಗಸರು ಓಡಾಡುವ ಹಾಗೆ ಅವರ ನಡಿಗೆ. ಪಕ್ಕಕ್ಕೆ ಬಂದು ನಿಂತದ್ದೂ ತಿಳಿಯುತ್ತಿರಲಿಲ್ಲ. ಯಾವ ಮಾತಿಗೂ ‘ಅಂಗೇ ಆಗ್ಲಿ’ ಎನ್ನುತ್ತಿದ್ದರು. ಒಪ್ಪಿಗೆಗೂ ಅದೇ, ನಿರಾಕರಣೆಗೂ ಅದೇ. ಯಾವುದು ಯಾವುದೆಂದು ತಿಳಿಯಬೇಕಾದರೆ ಹುಬ್ಬು ನೋಡಬೇಕಾಗಿತ್ತು. ರಾಜಶೇಖರ್ ಎಷ್ಟೋ ಸಲ ಹುಬ್ಬು ನೋಡದೆ ಮೋಸ ಹೋಗಿದ್ದಾರೆ.

ಹಾರನ್ನಿನ ಮೇಲೆ ಈ ವೈರಾಗ್ಯ ಹೇಗೆ ಬಂತೆಂದು ಒಮ್ಮೆ ಕೆದಕಿದೆ. ಇಪ್ಪತ್ನಾಲ್ಕರ ಪ್ರಾಯದಲ್ಲಿ ಲಾರಿ ಹಿಡಿದ ಹೊಸತು. ಗೆಂಡೆಹಳ್ಳಿಯ ಹತ್ತಿರ ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ದಾರಿ ಬಿಡಲಿಲ್ಲವೆಂದು ಬೆನ್ನಿಗೇ ಹತ್ತಿ ಹಾರನ್ ಬಾರಿಸಿದರಂತೆ. ಎತ್ತುಗಳು ಬೆದರಿ ಹಳ್ಳಕ್ಕೆ ನುಗ್ಗಿದವು, ಗಾಡಿ ಮಗುಚಿತು, ಒಂದು ಎತ್ತಿನ ಮುಂಗಾಲು ಮುರಿಯಿತು. “ಗಾಡಿ ಒಡೆಯ ಬೋರಯ್ಯ ಅಂತ. ಬೈಯ್ಲಿಲ್ಲ, ಹೊಡೀಲಿಲ್ಲ ಮೇಷ್ಟ್ರೇ. ಎತ್ತಿನ ತಲೆ ತೊಡೆ ಮ್ಯಾಲೆ ಇಟ್ಕಂಡು ಕೂತ. ಅವತ್ತೇ ಮುಗೀತು, ಆಮೇಲೆ ಹಾರನ್ ಮುಟ್ಟಿಲ್ಲ.” ಅಷ್ಟು ಹೇಳಿ ಅವರು ಗೇರು ಬದಲಿಸಿದರು.

ಜನವರಿ ಬಂತೆಂದರೆ ಜಾವಗಲ್ಲಿನಿಂದ ಹಳೇಬೀಡಿನ ತನಕ ಟಾರು ರಸ್ತೆಯೇ ಕಣ. ಒಕ್ಕುವ ಎತ್ತು ಈಗ ಎಷ್ಟು ಕೊಟ್ಟಿಗೆಗಳಲ್ಲಿದೆ? ಹುರುಳಿ ಗಿಡವನ್ನು ರಸ್ತೆಗೆ ಹರವಿಬಿಟ್ಟರೆ ಹೋಗಿಬರುವ ವಾಹನಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಪೊಲೀಸರು ಬಂದು ಬೈದುಹೋದ ಅರ್ಧ ಗಂಟೆಗೆ ಸೊಪ್ಪು ಮತ್ತೆ ರಸ್ತೆಗೆ ಬಂದಿರುತ್ತದೆ. ಒಂದು ತಿರುವಿನಲ್ಲಿ ಅನುಸೂಯಮ್ಮನ ಕಣ. ಎಪ್ಪತ್ತು ದಾಟಿದ ಆಕೆ ಬರುವ ವಾಹನಗಳಿಗೆ ಬೆನ್ನು ಹಾಕಿ, ಕವೆಗೋಲಿನಿಂದ ಸೊಪ್ಪು ತಿರುವುತ್ತ, ಸದ್ದಿನಲ್ಲೇ ಇದು ಬಸ್ಸು, ಇದು ಹಾಲಿನ ಗಾಡಿ ಎಂದು ಹೇಳಬಲ್ಲವಳು. ನಮ್ಮ ಡೀಸೆಲ್ ಗಾಡಿಯ ದಡದಡ ಕೇಳಿದರೆ ತಿರುಗಿಯೂ ನೋಡದೆ, “ಬಂದ ಭೀಮಣ್ಣ” ಎಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದಳು. ಕಣ ದಾಟಿದ ಮೇಲೆ ಭೀಮರಾಜ್ ಇಳಿದು, ಬಗ್ಗಿ, ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡ ಸೊಪ್ಪಿಗೆ ಬೆಂಕಿ ಹತ್ತದಂತೆ ಕಿತ್ತು ತಂದು ಅವಳ ರಾಶಿಗೇ ಹಾಕಿ ಬರುತ್ತಿದ್ದರು.

ಕಳೆದ ಜನವರಿಯಲ್ಲಿ ರಾಜಶೇಖರ್ ಎಲೆಕ್ಟ್ರಿಕ್ ಕ್ಯಾರವಾನ್ ತಂದರು. “ಟೂರಿಸ್ಟ್‌ಗಳು ಈಗ ಅದನ್ನೇ ಕೇಳ್ತಾರೆ ಸರ್. ಇನ್ನೈದು ವರ್ಷ ಹೋದ್ರೆ ಡೀಸೆಲ್ ವಾಸನೇಲಿ ಮಲಗೋಕೆ ಯಾರು ಬರ್ತಾರೆ?” ಎಂದರು. ಹಳೇಬೀಡಿನ ವಸತಿಗೃಹದಲ್ಲಿ ಚಾರ್ಜಿಂಗ್ ವ್ಯವಸ್ಥೆಯೂ ಆಯಿತು. ಭೀಮರಾಜ್ ಸಿಡಿದೇಳುತ್ತಾರೆ, ಹಳೆಯ ಗಾಡಿಯನ್ನು ತಬ್ಬಿಕೊಂಡು ಕೂರುತ್ತಾರೆ ಎಂದು ನಾನು ತಮಾಷೆ ನೋಡಲು ಸಿದ್ಧನಾಗಿ ಹೋದರೆ, ಆದದ್ದೇ ಬೇರೆ. ಊರೊಳಗೇ ಪರೀಕ್ಷೆಗೆಂದು ಮೊದಲ ಸುತ್ತು ಮುಗಿಸಿ ಇಳಿದವರ ಮುಖದಲ್ಲಿ ಮದುಮಗನ ಕಳೆ! “ನನಗಿಂತ್ಲೂ ಸಂಭಾವಿತ ಕಣ್ರೀ ಇದು. ಸದ್ದಿಲ್ಲ, ಹೊಗೆಯಿಲ್ಲ. ಸೈಲೆನ್ಸರ್ರೇ ಇಲ್ಲ, ಸೊಪ್ಪಿಗೆ ಬೆಂಕಿ ಹತ್ತೋ ಭಯಾನೂ ಇಲ್ಲ.” ಹಾರನ್ ಒತ್ತದವನಿಗೆ ಸದ್ದೇ ಮಾಡದ ಗಾಡಿ ಸಿಕ್ಕಿತಲ್ಲ, ಋಣಾನುಬಂಧವೆಂದರೆ ಇದು ಎಂದು ನಾನೂ ಬೆನ್ನು ತಟ್ಟಿದೆ. ಈಗ ನೆನೆದರೆ ಆ ಮಾತಿಗೆ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ, ಹೊಸ ಗಾಡಿಯ ಮೊದಲ ಪ್ರವಾಸ. ಹಿಂದೆ ಮೈಸೂರಿನ ಭಾಷ್ಯಂ, ಕೋಮಲವಲ್ಲಿ ದಂಪತಿ. ಮುಂದೆ, ಹುಲಿಕೆರೆಯ ಕೊಳದ ಮೆಟ್ಟಿಲುಗಳ ಬಗ್ಗೆ ಬಾಯಿ ಬಿಡುವಿಲ್ಲದೆ ಕೊರೆಯುತ್ತಿದ್ದ ನಾನು. ತಿರುವು ದಾಟಿದರೆ ರಸ್ತೆಯ ನಟ್ಟನಡುವೆ ಅನುಸೂಯಮ್ಮ, ಎಂದಿನಂತೆ ಬೆನ್ನು ಹಾಕಿ ನಿಂತಿದ್ದಾಳೆ. ಭೀಮರಾಜ್ ಎಂದಿನಂತೆ ವೇಗ ತಗ್ಗಿಸಿ, ಆಕೆ ಎಂದಿನಂತೆ ಸರಿಯುವುದನ್ನು ಕಾದರು. ಆಕೆ ಸರಿಯಲಿಲ್ಲ. ಚಕ್ರ ಹುರುಳಿ ಸೊಪ್ಪಿನ ಮೇಲೆ ಹತ್ತಿತು. ಇದ್ದಬದ್ದ ಟೈರಿನ ಸದ್ದೂ ಅಲ್ಲಿಗೆ ಅಡಗಿತು. ನಾನು ಕಿರುಚಿದೆ, ಆದರೆ ಏಸಿ ಹಾಕಿದ ಗಾಡಿ, ಕಿಟಕಿ ಮುಚ್ಚಿತ್ತು. ಭೀಮರಾಜ್ ಬ್ರೇಕನ್ನು ಬಲವಾಗಿ ತುಳಿದರು. ಗಾಡಿ ನಿಲ್ಲಲಿಲ್ಲ, ಕಾಳಿನ ಮೇಲೆ ಜಾರಿತು. ಆಗಲೂ ಅವರ ಕೈ ಹಾರನ್ನಿನ ಕಡೆಗೆ ಹೋಗಲಿಲ್ಲ. ನಾನು ನೋಡುತ್ತಿದ್ದೆ, ಹೋಗಲೇ ಇಲ್ಲ.

ಗಾಡಿ ನಿಂತಿತು. ಹಿಂದೆ ಪಾತ್ರೆಗಳು ಉರುಳಿದವು, “ಅಯ್ಯೋ, ಏನಾಯ್ತು?” ಎಂದು ಕೋಮಲವಲ್ಲಿಯವರು ಕೂಗಿದರು. ಗಾಡಿಯ ಮೂತಿಗೂ ಆ ಮುದುಕಿಯ ಬೆನ್ನಿಗೂ ನಡುವೆ ಒಂದು ಗೇಣು. ಅದಕ್ಕಿಂತ ಹೆಚ್ಚಿರಲಿಲ್ಲ. ಆಕೆಯೋ ಕವೆಗೋಲು ಎತ್ತಿ ಸೊಪ್ಪು ತಿರುವುತ್ತಲೇ ಇದ್ದಾಳೆ!

ಭೀಮರಾಜ್ ಬಾಗಿಲು ತೆರೆದು ಇಳಿದರು; ಇಳಿದವರು ಸೊಪ್ಪಿನ ಮೇಲೇ ಕುಸಿದು ಕುಳಿತರು. ಆ ಸದ್ದಿಗೆ ಅನುಸೂಯಮ್ಮ ಪಕ್ಕಕ್ಕೆ ನೋಡಿದಳು.

“ಯಾವಾಗ ಬಂದ್ಯೋ ಭೀಮಣ್ಣ? ಇದ್ಯಾಕೆ ಇಲ್ಲಿ ಕುಂತೆ? ಗಾಡಿ ಎಲ್ಲೋ?”

ನಾನು ಇಷ್ಟು ವರ್ಷದಲ್ಲಿ ಎಷ್ಟೋ ಮಾತು ಕೇಳಿದ್ದೇನೆ. ಇದರಷ್ಟು ನನ್ನ ಎದೆಯನ್ನು ನಡುಗಿಸಿದ ಮಾತು ಇನ್ನೊಂದಿಲ್ಲ. ಭೀಮರಾಜ್ ಬೆರಳು ತೋರಿದರು. ಆಕೆ ಹಿಂದಕ್ಕೆ ತಿರುಗಿ ಗಾಡಿಯನ್ನು ಕಂಡಳು, ಒಂದು ಕೈಯಿಂದ ತನ್ನ ಬೆನ್ನನ್ನೇ ಮುಟ್ಟಿ ನೋಡಿಕೊಂಡಳು, ಆಮೇಲೆ ಮೆಲ್ಲಗೆ ಅವರ ಪಕ್ಕದಲ್ಲಿ ಕುಳಿತಳು.

“ನಿನ್ ಗಾಡಿ ಸದ್ದು ನಂಗೊತ್ತಿಲ್ವೇನೋ? ಅದು ಬರ್ಲೇ ಇಲ್ವಲ್ಲ.”

ಭೀಮರಾಜ್ ನಾನು ಕೊಟ್ಟ ನೀರನ್ನು ಕುಡಿಯಲಾರದೆ ಕೋಟಿನ ಮೇಲೆಲ್ಲ ಚೆಲ್ಲಿಕೊಂಡರು. ಆಮೇಲೆ ಹೇಳಿದರು: “ಇಷ್ಟ್ ವರ್ಷ ನಾನು ಹಾರನ್ ಹೊಡೀದೆ ಓಡಿಸ್ದೆ ಅಂತ ಮೆರೀತಿದ್ನಲ್ಲ ಮೇಷ್ಟ್ರೇ, ಅದು ನಾನಲ್ಲ. ನನ್ ಪರವಾಗಿ ಆ ಹಳೇ ಇಂಜಿನ್ನು ಕೂಗ್ಕಂಡು ಬರ್ತಿತ್ತು.”

ಪ್ರವಾಸ ಅಲ್ಲಿಗೇ ಮೊಟಕಾಯಿತು; ಅವತ್ತೇ ಗಾಡಿಯ ಬೀಗದ ಕೈ ರಾಜಶೇಖರ್ ಮೇಜಿನ ಮೇಲೆ ಬಿತ್ತು. ರಾಜಶೇಖರ್‌ಗೆ ಇದರಲ್ಲಿ ಕಗ್ಗಂಟೇನೂ ಕಾಣಲಿಲ್ಲ. “ಒಂದು ಹಾರನ್ ಒತ್ತೋಕೆ ಇಷ್ಟೊಂದು ಯಾಕ್ರೀ? ಹಳೇ ಗಾಡಿ ಮುಂದಿನ ತಿಂಗಳು ಗುಜರಿಗೆ ಹೋಗುತ್ತೆ. ಓಡಿಸೋದಾದ್ರೆ ಇದನ್ನೇ ಓಡಿಸಬೇಕು, ಓಡಿಸೋದಾದ್ರೆ ಹಾರನ್ ಹೊಡೀಲೇಬೇಕು.” ಭೀಮರಾಜ್ “ಅಂಗೇ ಆಗ್ಲಿ” ಎಂದರು. ನಾನು ಹುಬ್ಬು ನೋಡಿದೆ, ಈ ಸಲ ನನಗೂ ತಿಳಿಯಲಿಲ್ಲ. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಹಾರನ್ ಒತ್ತಬೇಕೆಂದು ನೆನೆದರೆ ಬೋರಯ್ಯನ ತೊಡೆಯ ಮೇಲಿನ ಆ ಎತ್ತಿನ ತಲೆ ಕಣ್ಣ ಮುಂದೆ ಬರುತ್ತಿತ್ತು. ಒಂಬತ್ತು ದಿನ ಮನೆಯಿಂದ ಹೊರಬೀಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ರಾಜಶೇಖರ್ ಬಳಿ ಬೀಗದ ಕೈ ಮತ್ತೆ ಪಡೆದು, ನನ್ನನ್ನು ಕರೆದುಕೊಂಡು, ಖಾಲಿ ಹೊಸ ಗಾಡಿಯಲ್ಲಿ ಆ ತಿರುವಿಗೇ ಹೋದರು. ದೂರದಲ್ಲೇ ಗಾಡಿ ನಿಲ್ಲಿಸಿ, ನಡೆದುಹೋಗಿ ಅನುಸೂಯಮ್ಮನ ಮುಂದೆ ಕೈಕಟ್ಟಿ ನಿಂತರು. “ಅಮ್ಮಾ, ನೀನು ಬೆನ್ನು ಹಾಕ್ಕಂಡೇ ನಿಂತ್ಕ. ನಾನು ಅಲ್ಲಿಂದ ಹಾರನ್ ಹೊಡೀತೀನಿ. ಎಷ್ಟು ಹೊಡೆದ್ರೆ ಬೆದರದಂಗೆ ಕೇಳಿಸ್ತೈತೆ, ನೀನೇ ಹೇಳ್ಬೇಕು.” ಆಕೆ ನಗಲಿಲ್ಲ. ರಸ್ತೆಯ ಅಂಚಿನಲ್ಲಿ ಬೆನ್ನು ಹಾಕಿ ನಿಂತಳು. ನಿಲ್ಲಿಸಿದ ಗಾಡಿಯೊಳಗೆ ಕುಳಿತು ಭೀಮರಾಜ್ ಹೆಬ್ಬೆರಳು ಇಟ್ಟರು, ತೆಗೆದರು, ಕೋಟಿಗೆ ಬೆವರು ಒರೆಸಿ ಮತ್ತೆ ಇಟ್ಟರು. ಕೊನೆಗೆ ಒಂದು ಸಣ್ಣ ಸದ್ದು ಹೊರಟಿತು.

“ಎಮ್ಮೆ ಕೆಮ್ಮಿದಂಗೈತೆ! ಜೋರಾಗಿ ಹೊಡಿಯೋ, ನಾನೇನು ಸಾಯಲ್ಲ!” ಎಂದು ಆಕೆ ಅಲ್ಲಿಂದಲೇ ಕೂಗಿದಳು.

ಅವರು ಜೋರಾಗಿ ಒತ್ತಿದರು. ಒತ್ತಿ, ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತರು. ಅನುಸೂಯಮ್ಮ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬಾ ಎಂದು ಕೈ ಬೀಸಿದಳು.

ಕುಡಿತ ಬಿಟ್ಟವರನ್ನು, ಜೂಜು ಬಿಟ್ಟವರನ್ನು ಊರೇ ಹೊಗಳುತ್ತದೆ. ಆದರೆ ಜೀವಮಾನವಿಡೀ ಕಾಪಾಡಿಕೊಂಡ ಒಂದು ಒಳ್ಳೆಯತನವನ್ನು, ಅದು ಇನ್ನೊಬ್ಬರ ಪ್ರಾಣಕ್ಕೆ ಬಂದಿತೆಂದು ತಿಳಿದ ಕ್ಷಣ, ತಮ್ಮ ಕೈಯಾರೆ ಮುರಿಯುವವರೂ ಈ ಲೋಕದಲ್ಲಿದ್ದಾರೆ. ಅವರ ಬೆನ್ನು ತಟ್ಟುವವರಿಲ್ಲ. ಏನು ಬಿಟ್ಟರೆಂಬುದೂ ಯಾರಿಗೂ ಕಾಣುವುದಿಲ್ಲ. ನೋಡುವವರಿಗೆ ಅವರು, ಎಲ್ಲರಂತೆ ಹಾರನ್ ಹೊಡೆದುಕೊಂಡು ಹೋಗುವ ಇನ್ನೊಬ್ಬ ಡ್ರೈವರ್, ಅಷ್ಟೆ.